ಮನೆಯ ದಾಖಲೆ ಭಂಡಾರಕ್ಕೆ ಮದರ್‌ಬೋರ್ಡಿನ ಆಯ್ಕೆ

1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು, ಆ ನೀರಿನ ರಭಸಕ್ಕೆ ಖಡಕ್‌ವಾಸಲಾ ಅಣೆಕಟ್ಟೂ ತಡೆಯಲಾರದೆ ಹೋಗಿ, ಮುಠಾ ನದಿಯ ದಡದ ಪೇಠೆಗಳು ಮುಳುಗಿದುದನ್ನು ಪುಣೆಯ ಹಿರಿಯರು ಇಂದಿಗೂ ನೆನೆಯುತ್ತಾರೆ. ಮನೆಯನ್ನು ಮತ್ತೆ ಕಟ್ಟಬಹುದು, ಪಾತ್ರೆಪಡಗಗಳನ್ನು ಮತ್ತೆ ಕೊಳ್ಳಬಹುದು. ಆದರೆ ನೀರಿನಲ್ಲಿ ನೆನೆದು ಮುದ್ದೆಯಾದ ಮದುವೆಯ ಭಾವಚಿತ್ರವನ್ನೂ, ತೀರಿಹೋದ ತಂದೆಯ ಕೈಬರಹದ ಪತ್ರವನ್ನೂ ಯಾವ ಪರಿಹಾರಧನವೂ ಮರಳಿ ತಂದುಕೊಡಲಾರದು. ನೆರೆಯೆಂಬುದು ಹಳೆಯ ಕಥೆಯೂ ಅಲ್ಲ. 2019ರ ಸೆಪ್ಟೆಂಬರಿನಲ್ಲಿ ಆಂಬಿಲ್ ಓಢಾ ಉಕ್ಕಿತು. 2024ರ ಜುಲೈಯಲ್ಲಿ ಸಿಂಹಗಡ ರಸ್ತೆಯ ಏಕತಾನಗರಿಗೆ ನೀರು ನುಗ್ಗಿತು.

ಈಗ ನಮ್ಮ ಭಾವಚಿತ್ರಗಳೂ ಪತ್ರಗಳೂ ಟ್ರಂಕಿನಲ್ಲಿಲ್ಲ. ಮೊಬೈಲಿನಲ್ಲಿಯೂ, ಮೇಜಿನ ಖಾನೆಯಲ್ಲಿ ಬಿದ್ದಿರುವ ಒಂದೆರಡು ಹಾರ್ಡ್ ಡಿಸ್ಕುಗಳಲ್ಲಿಯೂ ಇವೆ. ವೈದ್ಯರ ಲೇಖನಗಳ ನಡುವೆ ಮದರ್‌ಬೋರ್ಡಿಗೆ ಏನು ಕೆಲಸವೆಂದು ಕೇಳುವ ವಾಚಕರಿಗೆ ಒಂದು ಮಾತು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯ ಪ್ರಕಾರ, ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷ ಕಾಪಾಡಿದರೆ ವೈದ್ಯರ ಹೊಣೆ ಮುಗಿಯಿತು. ಹತ್ತು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ತಾಯಿಯವರಿಗೆ ಮಾಡಿಸಿದ ಆಂಜಿಯೋಗ್ರಾಂ ಇಂದು ಪುಣೆಯ ವೈದ್ಯರಿಗೆ ಬೇಕಾದರೆ ಅದನ್ನು ಒದಗಿಸುವ ಹೊಣೆ ಮಕ್ಕಳದೇ. ಆಸ್ಪತ್ರೆಯವರು ಕೊಟ್ಟ ಸಿ.ಡಿ. ಅಷ್ಟು ಕಾಲ ಬಾಳುವುದೆಂಬ ಭರವಸೆಯಿಲ್ಲ. ಈಗಿನ ಲ್ಯಾಪ್‌ಟಾಪುಗಳಲ್ಲಿ ಅದನ್ನು ಹಾಕುವ ಜಾಗವೇ ಇಲ್ಲ.

ಇಂತಹವುಗಳನ್ನೆಲ್ಲ ಒಂದೆಡೆ ಇಟ್ಟು, ಮನೆಯ ಎಲ್ಲ ಗಣಕಗಳಿಗೂ ಮೊಬೈಲುಗಳಿಗೂ ಜಾಲದ ಮೂಲಕ ಒದಗಿಸುವ ಯಂತ್ರಕ್ಕೆ ‘ನ್ಯಾಸ್’ ಎಂದು ಹೆಸರು. ಎರಡು ಡಿಸ್ಕುಗಳ ಸಿದ್ಧ ಪೆಟ್ಟಿಗೆಗಳನ್ನು ಸಿನಾಲಜಿ, ಕ್ಯೂನ್ಯಾಪ್ ಮುಂತಾದ ಕಂಪನಿಗಳು ಮಾರುತ್ತವೆ. ಸಣ್ಣ ಕುಟುಂಬಕ್ಕೆ ಅದೇ ಸಾಕು. ಅಂಥವರು ಈ ಲೇಖನವನ್ನು ಇಲ್ಲಿಗೇ ಬಿಟ್ಟರೂ ನಷ್ಟವಿಲ್ಲ. ನಾಲ್ಕಾರು ಡಿಸ್ಕುಗಳು ಬೇಕಾದವರಿಗೆ, ಹತ್ತು ವರ್ಷ ಬಾಳುವ ಯಂತ್ರ ಬೇಕಾದವರಿಗೆ, ಅಥವಾ ನಮ್ಮ ಸಂಘಗಳಂತೆ ದಶಕಗಳ ನಾಟಕ, ಸಮಾರಂಭಗಳ ಚಿತ್ರಗಳನ್ನು ಕೂಡಿಡಬೇಕಾದವರಿಗೆ ಸ್ವತಃ ಕಟ್ಟಿದ ಯಂತ್ರವೇ ಮೇಲು. ಬಿಡಿಭಾಗಗಳು ಬುಧವಾರ ಪೇಠೆಯ ತಪಕೀರ್ ಗಲ್ಲಿಯಲ್ಲಿ ವಿಚಾರಿಸಿದರೆ ಸಿಗುತ್ತವೆ, ಇಲ್ಲವೇ ತರಿಸಿಕೊಡುತ್ತಾರೆ. ಅವುಗಳಲ್ಲಿ ಡಿಸ್ಕು, ಪೆಟ್ಟಿಗೆ, ಫ್ಯಾನುಗಳನ್ನು ಯಾವಾಗ ಬೇಕಾದರೂ ಬದಲಿಸಬಹುದು. ಮದರ್‌ಬೋರ್ಡನ್ನು ಬದಲಿಸಿದರೆ ಮಾತ್ರ ಸಂಸಾರವನ್ನೇ ಬೇರೆ ಮನೆಗೆ ಸಾಗಿಸಿದಂತೆ. ಆದುದರಿಂದ ಆಯ್ಕೆಯ ಎಚ್ಚರವೆಲ್ಲ ಅಲ್ಲಿರತಕ್ಕದ್ದು.

ಅಂಗಡಿಯವನು ಮೊದಲು ಹೇಳುವುದು ವೇಗದ ಮಾತು. ಈ ಯಂತ್ರಕ್ಕೆ ವೇಗ ಮುಖ್ಯವಲ್ಲ. ಮನೆಯ ಸಾಮಾನ್ಯ ಜಾಲದ ತಂತಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 110 ಮೆಗಾಬೈಟಿನಷ್ಟು ಹರಿಯುತ್ತದೆ; ಇಂದಿನ ಒಂದೇ ಒಂದು ಹಾರ್ಡ್ ಡಿಸ್ಕು ಅದಕ್ಕಿಂತ ಹೆಚ್ಚು ಕೊಡಬಲ್ಲುದು. ಆಟಗಳಿಗೆಂದು ಮಾಡಿದ, ಬಣ್ಣದ ದೀಪ ಬೆಳಗುವ ಬೋರ್ಡಿಗೆ ಹಣ ಸುರಿಯುವುದು ಎತ್ತಿನ ಗಾಡಿಗೆ ರೈಲಿನ ಗಾಲಿ ಹಾಕಿದಂತೆ. ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಈ ಬೋರ್ಡು ಇ.ಸಿ.ಸಿ. ಸ್ಮೃತಿಯನ್ನು, ಎಂದರೆ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ರ್‍ಯಾಮನ್ನು, ಒಪ್ಪುತ್ತದೆಯೆ?

ಇದನ್ನು ತುಸು ಬಿಡಿಸಿ ಹೇಳಬೇಕು. ಗಣಕದೊಳಗೆ ಎಲ್ಲ ಮಾಹಿತಿಯೂ ಸೊನ್ನೆ ಮತ್ತು ಒಂದುಗಳ ಸಾಲು. ಡಿಸ್ಕಿನಲ್ಲಿ ಬರೆಯುವಾಗ ಡಿಸ್ಕು ತಾನೇ ತಾಳೆ ನೋಡಿಕೊಳ್ಳುತ್ತದೆ. ಜಾಲದ ತಂತಿಯಲ್ಲಿ ಹೋಗುವಾಗಲೂ ತಾಳೆಯುಂಟು. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯವರು ರೂಪಿಸಿ 2005ರಲ್ಲಿ ಹೊರತಂದ ಜಡ್.ಎಫ್.ಎಸ್. ಎಂಬ ವ್ಯವಸ್ಥೆಯು, ಇಂದಿನ ಟ್ರೂನ್ಯಾಸ್ ತಂತ್ರಾಂಶದ ಬುನಾದಿಯಾದದ್ದು, ಬರೆದ ಪ್ರತಿಯೊಂದು ತುಣುಕಿಗೂ ಒಂದು ತಾಳೆಸಂಖ್ಯೆಯನ್ನು ಬರೆದಿಡುತ್ತದೆ. ಇವೆಲ್ಲದರ ನಡುವೆ ಸಾಧಾರಣ ಗಣಕದಲ್ಲಿ ತಾಳೆಯಿಲ್ಲದೆ ಉಳಿಯುವ ಸ್ಥಳ ರ್‍ಯಾಮ್. ಬ್ಯಾಂಕಿನ ತಿಜೋರಿಗೆ ಇಬ್ಬರ ಬೀಗದ ಕೈಗಳನ್ನಿಟ್ಟು, ಎಣಿಸುವ ಮೇಜನ್ನು ಮಾತ್ರ ತೆರೆದು ಬಿಟ್ಟಂತೆ. ಅಲ್ಲಿ ತಪ್ಪಿದ ಅಂಕಿಯ ಮೇಲೆಯೇ ತಾಳೆಸಂಖ್ಯೆಯನ್ನು ಲೆಕ್ಕಮಾಡಿದರೆ, ಆ ತಪ್ಪಿಗೇ ಮೊಹರು ಬಿದ್ದಂತಾಯಿತು.

ತಪ್ಪು ಏಕೆ ಬೀಳಬೇಕು? ವಿದ್ಯುತ್ತಿನ ಏರಿಳಿತ, ಚಿಪ್ಪಿನ ಸವಕಳಿ, ಉಷ್ಣತೆ ಇವು ಕೆಲವು ಕಾರಣಗಳು. ಇನ್ನೊಂದು ವಿಚಿತ್ರ ಕಾರಣ ಆಕಾಶದಿಂದ ಬರುವ ವಿಶ್ವಕಿರಣಗಳು. ಇವುಗಳ ಗಲಾಟೆಯಿಂದ ದೂರವಿದ್ದು ಪ್ರಯೋಗ ನಡೆಸಲೆಂದೇ ನಮ್ಮ ಕೋಲಾರ ಚಿನ್ನದ ಗಣಿಯ 2 ಕಿಲೋಮೀಟರಿಗೂ ಹೆಚ್ಚಿನ ಆಳಕ್ಕೆ ವಿಜ್ಞಾನಿಗಳು ಇಳಿದಿದ್ದರು; ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು 1965ರಲ್ಲಿ ಅಲ್ಲಿ ದೊರೆಯಿತು. ನಮ್ಮ ಗಣಕಗಳನ್ನು ಗಣಿಯಲ್ಲಿಡುವಂತಿಲ್ಲವಷ್ಟೆ. 2003ರ ಮೇ 18ರಂದು ಬೆಲ್ಜಿಯಂ ದೇಶದ ಸ್ಕಾರ್ಬೆಕ್ ಎಂಬಲ್ಲಿ ಚುನಾವಣೆಯ ಯಂತ್ರವೊಂದು ಒಬ್ಬ ಅಭ್ಯರ್ಥಿಗೆ 4096 ಮತಗಳನ್ನು ಹೆಚ್ಚು ತೋರಿಸಿತು. ಬರಲು ಸಾಧ್ಯವಿದ್ದುದಕ್ಕಿಂತ ಹೆಚ್ಚು ಮತ ಬಂದುದರಿಂದ ತಪ್ಪು ಬಯಲಾಯಿತು. ಲೆಕ್ಕ ಬರೆಯುವವರಿಗೆ ಇದರ ಸ್ವಾರಸ್ಯ ಹೆಚ್ಚು ತಿಳಿದೀತು: ತಾಳೆಪಟ್ಟಿಯ ವ್ಯತ್ಯಾಸ 9ರಿಂದ ಭಾಗವಾದರೆ ಎಲ್ಲಿಯೋ 54ನ್ನು 45 ಎಂದು ಬರೆದಿರಬಹುದೆಂದು ನಾವು ಹುಡುಕುವುದಿಲ್ಲವೆ? ಹಾಗೆಯೇ 4096 ಎಂಬುದು ಎರಡನ್ನು ಎರಡರಿಂದಲೇ ಗುಣಿಸುತ್ತ ಹೋದರೆ ಬರುವ ಸಂಖ್ಯೆ. ಒಂದೇ ಒಂದು ಸೊನ್ನೆ ಒಂದಾಗಿ ಮಗುಚಿದರೆ ಬೀಳುವ ವ್ಯತ್ಯಾಸ. ವಿಶ್ವಕಿರಣವೇ ಕಾರಣವಿರಬೇಕೆಂದು ಅನೇಕರ ಊಹೆ. ಗೂಗಲ್ ಕಂಪನಿಯ ಸಾವಿರಾರು ಯಂತ್ರಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷವೊಂದಕ್ಕೆ ಶೇಕಡ 8ಕ್ಕೂ ಹೆಚ್ಚು ರ್‍ಯಾಮ್ ಪಟ್ಟಿಗಳಲ್ಲಿ ಇಂತಹ ತಪ್ಪುಗಳು ಕಂಡುಬಂದವು. ಅಲ್ಲಿ ಅವು ಕಂಡುಬಂದದ್ದು ಆ ಯಂತ್ರಗಳಲ್ಲಿ ಇ.ಸಿ.ಸಿ. ಇದ್ದುದರಿಂದ. ಮನೆಯ ಗಣಕದಲ್ಲಿ ಭಾವಚಿತ್ರದ ಅರ್ಧ ಬೂದಿಬಣ್ಣವಾದರೆ ಯಾರ ದೋಷವೆಂದು ಹೇಳುವವರೇ ಇಲ್ಲ.

ಅಮೆರಿಕದ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞರು 1950ರಲ್ಲಿ ಪ್ರಕಟಿಸಿದ ಉಪಾಯವೇ ಇಲ್ಲಿನ ಮದ್ದು. ಪ್ರತಿ 64 ಅಂಕಿಗಳ ಜೊತೆಗೆ 8 ತಾಳೆಯಂಕಿಗಳನ್ನು ಸೇರಿಸಿ ಒಟ್ಟು 72 ಇಡುತ್ತಾರೆ. ಒಂದು ಅಂಕಿ ತಪ್ಪಿದರೆ ಯಂತ್ರ ತಾನೇ ತಿದ್ದಿಕೊಳ್ಳುತ್ತದೆ. ಎರಡು ತಪ್ಪಿದರೆ ತಪ್ಪಾಗಿದೆಯೆಂದು ತಿಳಿಸುತ್ತದೆ. ಇ.ಸಿ.ಸಿ. ಇಲ್ಲದೆ ಜಡ್.ಎಫ್.ಎಸ್. ಬಳಸಿದರೆ ಸರ್ವನಾಶವೆಂದು ಹೆದರಿಸುವವರಿದ್ದಾರೆ. ಅದು ಅತಿರೇಕದ ಮಾತು. ಇಲ್ಲದಿದ್ದರೂ ಯಂತ್ರ ನಡೆಯುತ್ತದೆ. ಆದರೆ ದಾಖಲೆಗಳನ್ನು ಕಾಪಾಡಲೆಂದೇ ಯಂತ್ರ ಕಟ್ಟುವವರು ಈ ಒಂದು ಕಿಟಕಿಯನ್ನು ತೆರೆದು ಬಿಡುವುದರಲ್ಲಿ ಅರ್ಥವಿಲ್ಲವೆಂದು ನನ್ನ ಅಭಿಪ್ರಾಯ.

ಕೊಳ್ಳುವಾಗ ಇಲ್ಲಿ ಮೋಸಹೋಗುವ ಸಂದುಗಳು ಅನೇಕ. ಬೋರ್ಡು, ಪ್ರೊಸೆಸರು, ರ್‍ಯಾಮ್ ಮೂರೂ ಒಪ್ಪಿದರೆ ಮಾತ್ರ ತಿದ್ದುಪಡಿ ನಡೆಯುತ್ತದೆ. ಇಂಟೆಲ್ ಕಂಪನಿಯ ಜಿಯಾನ್ ಪ್ರೊಸೆಸರುಗಳಿಗೆ ಆ ಶಕ್ತಿಯುಂಟು. 8 ಮತ್ತು 9ನೆಯ ತಲೆಮಾರಿನ ಅಗ್ಗದ ಐ-3 ಪ್ರೊಸೆಸರುಗಳಿಗೂ ಸಿ-246ರಂತಹ ಸರ್ವರ್ ಚಿಪ್‌ಸೆಟ್ಟಿನ ಬೋರ್ಡಿನಲ್ಲಿ ಉಂಟು. ಅದೇ ಕಾಲದ ದುಬಾರಿ ಐ-5, ಐ-7ಗಳಿಗೆ ಇಲ್ಲ! 12ನೆಯ ತಲೆಮಾರಿನಿಂದ ಕೆಲವು ಐ-5, ಐ-7ಗಳಿಗೆ ಡಬ್ಲ್ಯು-680 ಚಿಪ್‌ಸೆಟ್ಟಿನ ಬೋರ್ಡಿನಲ್ಲಿ ಅದು ಮರಳಿ ದೊರೆಯಿತು. ಎ.ಎಂ.ಡಿ. ಕಂಪನಿಯ ರೈಜನ್‌ಗಳಲ್ಲಿ 5600-ಜಿಯಂತೆ ಚಿತ್ರಭಾಗ ಸೇರಿರುವವಕ್ಕೆ ಇಲ್ಲ, ಅವುಗಳ ‘ಪ್ರೋ’ ರೂಪಕ್ಕೆ ಉಂಟು. ರ್‍ಯಾಮಿನಲ್ಲಿಯೂ ಎರಡು ಜಾತಿ: ಅನ್‌ಬಫರ್ಡ್ ಮತ್ತು ರಿಜಿಸ್ಟರ್ಡ್. ಒಂದರ ಬೋರ್ಡಿನಲ್ಲಿ ಇನ್ನೊಂದು ಕೆಲಸ ಮಾಡದು. ಹಳೆಯ ಸರ್ವರುಗಳಿಂದ ಕಳಚಿ ಅಗ್ಗವಾಗಿ ಮಾರುವುದು ಬಹುಮಟ್ಟಿಗೆ ಎರಡನೆಯ ಜಾತಿ. ಹೊಸ ಡಿ.ಡಿ.ಆರ್.-5 ರ್‍ಯಾಮುಗಳೆಲ್ಲದರಲ್ಲಿಯೂ ಇ.ಸಿ.ಸಿ. ಇದೆಯೆಂದು ಮಾರುವವರ ಮಾತು ಅರ್ಧಸತ್ಯ: ಅದು ಚಿಪ್ಪಿನ ಒಳಗಿನ ತಿದ್ದುಪಡಿ ಮಾತ್ರ, ಚಿಪ್ಪಿನಿಂದ ಪ್ರೊಸೆಸರಿನವರೆಗಿನ ದಾರಿಗೆ ಕಾವಲಿಲ್ಲ.

ಸೂಪರ್‌ಮೈಕ್ರೋ, ಆಸ್‌ರಾಕ್ ರ್‍ಯಾಕ್, ಗಿಗಾಬೈಟ್ ಕಂಪನಿಗಳ ಸರ್ವರ್ ಬೋರ್ಡುಗಳಲ್ಲಿ ಇ.ಸಿ.ಸಿ. ಜೊತೆಗೆ ಮತ್ತೊಂದು ಸೌಕರ್ಯ ಬರುವುದುಂಟು. ಐ.ಪಿ.ಎಂ.ಐ. ಎಂಬ ಈ ಏರ್ಪಾಡಿನಲ್ಲಿ ಬೋರ್ಡಿನ ಮೇಲೆಯೇ ಒಂದು ಪುಟ್ಟ ಗಣಕವಿದ್ದು, ಮುಖ್ಯ ಯಂತ್ರ ನಿಂತುಹೋಗಿದ್ದರೂ ದೂರದಿಂದ ಅದರ ಪರದೆಯನ್ನು ನೋಡಿ, ಮತ್ತೆ ಚಾಲೂ ಮಾಡಬಹುದು. ಯಂತ್ರ ಧಾರವಾಡದ ತಮ್ಮನ ಮನೆಯಲ್ಲಿದ್ದು, ನೋಡಿಕೊಳ್ಳುವವರು ಪುಣೆಯಲ್ಲಿದ್ದರೆ ಇದರ ಬೆಲೆ ಗೊತ್ತಾಗುತ್ತದೆ. ಆದರೆ ಈ ಬಾಗಿಲನ್ನು ನೇರವಾಗಿ ಇಂಟರ್‌ನೆಟ್ಟಿಗೆ ತೆರೆಯಲೇಬಾರದು. ಹಳೆಯ ಸೂಪರ್‌ಮೈಕ್ರೋ ಬೋರ್ಡುಗಳಲ್ಲಿ ಹೆಸರೂ ಗುಪ್ತಪದವೂ ಎರಡೂ ‘ಅಡ್ಮಿನ್’ ಎಂದೇ ಇರುತ್ತಿದ್ದವು. ಕೊಂಡ ದಿನವೇ ಬದಲಿಸತಕ್ಕದ್ದು.

ಬೆಲೆಯ ಮಾತಿಗೆ ಬಂದರೆ, ಕಂಪನಿಗಳು ಬಳಸಿ ಬಿಟ್ಟ ಎರಡು ಜಿಯಾನ್‌ಗಳ ಹಳೆಯ ಬೋರ್ಡು ಅತ್ಯಂತ ಅಗ್ಗವಾಗಿ ಕಾಣುತ್ತದೆ. ಇಲ್ಲಿ ಕೊಳ್ಳುವ ಬೆಲೆಗಿಂತ ಸಾಕುವ ಖರ್ಚನ್ನು ನೋಡಬೇಕು. ಈ ಯಂತ್ರ ಹಗಲೂ ರಾತ್ರಿ ನಡೆಯುವಂಥದು. ವರ್ಷಕ್ಕೆ 8760 ಗಂಟೆ. ಹಳೆಯದು 120 ವಾಟ್ ಎಳೆದರೆ ವರ್ಷಕ್ಕೆ ಸುಮಾರು 1051 ಯೂನಿಟ್. ಆಟಮ್ ಅಥವಾ ಐ-3ರ ಮಿತವ್ಯಯದ ಬೋರ್ಡು 35 ವಾಟ್ ಎಳೆದರೆ ಸುಮಾರು 307. ಯೂನಿಟ್ಟಿಗೆ 10 ರೂಪಾಯಿ ಹಿಡಿದರೂ ವರ್ಷಕ್ಕೆ 7,446 ರೂಪಾಯಿ, ಐದು ವರ್ಷಕ್ಕೆ 37,230 ರೂಪಾಯಿ ವ್ಯತ್ಯಾಸ. ಆ ಹಣಕ್ಕೆ ಒಂದು ಒಳ್ಳೆಯ ಬೋರ್ಡೇ ಬಂದೀತು. ಅಗ್ಗದ ಬೋರ್ಡಿನ ಫ್ಯಾನು ನಿದ್ದೆಗೆಡಿಸುವುದು ಬೇರೆ. ಡೆಲ್, ಎಚ್.ಪಿ. ಸರ್ವರುಗಳಿಂದ ಕಳಚಿದ ಬೋರ್ಡುಗಳು ಅನೇಕ ವೇಳೆ ಸಾಧಾರಣ ಪೆಟ್ಟಿಗೆಯಲ್ಲಿ ಕೂರುವುದಿಲ್ಲ. ವಿದ್ಯುತ್ತಿನ ಜೋಡಣೆಯೂ ಬೇರೆ.

ಹಳೆಯದರಲ್ಲಿ ಒಂದು ಜಾತಿಯನ್ನು ಹೆಸರಿಸಿ ಎಚ್ಚರಿಸಬೇಕು. 2013ರಲ್ಲಿ ಬಂದ ಇಂಟೆಲ್ ಆಟಮ್ ಸಿ-2000 ಪ್ರೊಸೆಸರಿನ ಬೋರ್ಡುಗಳು ಮನೆಯ ಭಂಡಾರಕ್ಕೆ ಹೇಳಿಮಾಡಿಸಿದಂತಿದ್ದವು. 2017ರಲ್ಲಿ ಅದರ ದೋಷ ಬಯಲಾಯಿತು: ಗಡಿಯಾರದ ಸಂಕೇತವನ್ನು ಹೊರಡಿಸುವ ಭಾಗ ಕಾಲಕ್ರಮದಲ್ಲಿ ಕೆಟ್ಟು, ಒಂದು ದಿನ ಯಂತ್ರ ಮತ್ತೆ ಏಳುವುದೇ ಇಲ್ಲ. ಮುಂದಿನ ತಲೆಮಾರಾದ ಸಿ-3000ಕ್ಕೆ ಈ ಕಾಯಿಲೆಯಿಲ್ಲ.

ಇನ್ನು ಸಾಟಾ ಜೋಡಣೆಗಳು ಕನಿಷ್ಠ 6 ಇರಲಿ. ಸಾಲದಿದ್ದರೆ ಮುಂದೆ ಒಂದು ಕಾರ್ಡು ಹಾಕಬಹುದು, ಅದಕ್ಕೆ ಖಾಲಿ ಸ್ಥಳವಿದ್ದರೆ. ಫ್ಯಾನಿಲ್ಲದ ಲೋಹದ ತಟ್ಟೆಯನ್ನಷ್ಟೇ ಹೊತ್ತ ಪ್ರೊಸೆಸರಿನ ಸರ್ವರ್ ಬೋರ್ಡುಗಳು ರಭಸದ ಗಾಳಿಯನ್ನು ನಿರೀಕ್ಷಿಸುತ್ತವೆ. ಪುಣೆಯ ಏಪ್ರಿಲ್-ಮೇ ಸೆಕೆಯಲ್ಲಿ ಮುಚ್ಚಿದ ಕಪಾಟಿನಲ್ಲಿಟ್ಟರೆ ಬೇಯುತ್ತವೆ. ಗುರುವಾರ ದುರಸ್ತಿಗೆಂದು ವಿದ್ಯುತ್ ತೆಗೆಯುವ ಊರಿನಲ್ಲಿ ಯು.ಪಿ.ಎಸ್. ಬೇಕೆಂದು ಹೇಳಬೇಕಾಗಿಲ್ಲ. ಅದು ತಂತಿಯ ಮೂಲಕ ಯಂತ್ರಕ್ಕೆ ಸೂಚನೆ ಕೊಟ್ಟು, ಬ್ಯಾಟರಿ ಮುಗಿಯುವ ಮುನ್ನ ತಾನೇ ಮುಚ್ಚಿಕೊಳ್ಳುವಂತೆ ಮಾಡುವ ಬಗೆಯದಾಗಿರಲಿ.

ಎಂಥ ಬೋರ್ಡಿದ್ದರೂ, ಒಂದೇ ಮನೆಯಲ್ಲಿರುವ ಒಂದು ಯಂತ್ರ ಒಂದೇ ಪ್ರತಿ. ಎರಡು ಡಿಸ್ಕುಗಳಲ್ಲಿ ಜೋಡಿಯಾಗಿ ಬರೆದರೆ ಡಿಸ್ಕು ಕೆಟ್ಟಾಗ ರಕ್ಷಣೆಯುಂಟು. ಮೊಮ್ಮಗ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ, ಮನೆಗೆ ನೀರು ನುಗ್ಗಿದರೆ ಎರಡೂ ಮುಳುಗುತ್ತವೆ. ಊರಿಗೆ ಹೋಗುವಾಗಲೆಲ್ಲ ಒಂದು ಡಿಸ್ಕಿನಲ್ಲಿ ನಕಲು ಮಾಡಿ ಒಯ್ದು, ಅಲ್ಲಿರುವ ಹಳೆಯದನ್ನು ತರುವುದು ಸುಲಭದ ಏರ್ಪಾಡು. ಎರಡು ಊರುಗಳಲ್ಲಿ ಮನೆಯಿರುವ ನಮ್ಮಂಥವರಿಗೆ ಈ ಅನುಕೂಲ ತಾನಾಗಿಯೇ ಒದಗಿದೆ.

ಬೋರ್ಡು ಕೈಗೆ ಬಂದ ಮೇಲೆ, ಅಂಗಡಿಯವನು ಬದಲಿಸಿಕೊಡುವ ಅವಧಿ ಮುಗಿಯುವುದರೊಳಗೆ ಎರಡು ಪರೀಕ್ಷೆ ಮಾಡಿಸಬೇಕು. ಮೆಮ್‌ಟೆಸ್ಟ್ ಎಂಬ ಉಚಿತ ತಂತ್ರಾಂಶವನ್ನು ಒಂದು ಹಗಲು ಒಂದು ರಾತ್ರಿ ಓಡಿಸಿ, ಒಂದು ತಪ್ಪೂ ಇಲ್ಲವೆಂದು ನೋಡಿಕೊಳ್ಳುವುದು ಮೊದಲನೆಯದು. ಲಿನಕ್ಸಿನಲ್ಲಿ ಡಿಎಂಐಡಿಕೋಡ್ ಎಂಬ ಆಜ್ಞೆಯನ್ನು ಕೊಟ್ಟು, ರ್‍ಯಾಮಿನ ವಿವರದಲ್ಲಿ ಒಟ್ಟು ಅಗಲ 72, ಮಾಹಿತಿಯ ಅಗಲ 64 ಎಂದು ಬರುತ್ತದೆಯೇ ಎಂದು ನೋಡುವುದು ಎರಡನೆಯದು. ಎರಡು ಕಡೆಯೂ 64 ಎಂದೇ ಬಂದರೆ, ಬಿಲ್ಲಿನಲ್ಲಿ ಇ.ಸಿ.ಸಿ. ಎಂದು ಬರೆದಿದ್ದರೂ ತಾಳೆಯಂಕಿಗಳು ಕೆಲಸ ಮಾಡುತ್ತಿಲ್ಲವೆಂದು ತಿಳಿದು, ಬಿಲ್ಲಿನ ಸಮೇತ ಅಂಗಡಿಗೆ ಮರಳಿಸತಕ್ಕದ್ದು.