ಲೋಕಲ್ ಗಾಡಿಯ ವಿದ್ಯುಚ್ಛಕ್ತಿ ಎಲ್ಲಿಯದು?

ಮುಂಬಯಿಯ ರಸ್ತೆಗಳಲ್ಲಿ ವಿದ್ಯುತ್ ಬಸ್ಸುಗಳು ಓಡಲಾರಂಭಿಸಿ ಕೆಲವು ವರ್ಷಗಳಾದವು. ಹೊಗೆಯಿಲ್ಲದ ವಾಹನಗಳೆಂದು ಪತ್ರಿಕೆಗಳು ಅವನ್ನು ಕೊಂಡಾಡುತ್ತವೆ. ಈ ಸುದ್ದಿಯನ್ನು ಓದಿದ ವಾಚಕರಲ್ಲಿ ಕೆಲವರು, "ಬಸ್ಸಿನಿಂದ ಹೊಗೆ ಹೋಯಿತು ನಿಜ, ಹೋದದ್ದು ಎಲ್ಲಿಗೆ?" ಎಂದು ಕೇಳುವುದುಂಟು. ಪ್ರಶ್ನೆ ಸರಿಯಾದದ್ದೇ. ಉತ್ತರಕ್ಕೆ ಹೊಸ ಬಸ್ಸಿಗಿಂತ ಹಳೆಯ ಲೋಕಲ್ ಗಾಡಿಯನ್ನು ನೋಡುವುದು ಮೇಲು. ನೂರು ವರ್ಷಗಳ ಲೆಕ್ಕ ಅದರ ತಂತಿಯಲ್ಲಿದೆ.

ಮೊದಲು ಒಂದು ಮಾತು. ವಿದ್ಯುತ್ತು ಕಲ್ಲಿದ್ದಲಿನಂತೆ ನೆಲವನ್ನು ಅಗೆದರೆ ಸಿಗುವ ಪದಾರ್ಥವಲ್ಲ. ಒಂದೆಡೆ ಹುಟ್ಟಿದ ಶಕ್ತಿಯನ್ನು ಇನ್ನೊಂದೆಡೆಗೆ ಹೊತ್ತು ತರುವ ಆಳು ಅದು. ಅದು ಯಾವ ಮನೆಯಿಂದ ಹೊರಟಿತೆಂಬುದನ್ನು ನೋಡದೆ ಶುದ್ಧವೆಂದಾಗಲಿ ಅಶುದ್ಧವೆಂದಾಗಲಿ ಹೇಳಲಾಗದು.

ಮುಂಬಯಿಯಲ್ಲಿ ಕುದುರೆ ಎಳೆಯುವ ಟ್ರಾಮು 1874ರಲ್ಲಿ ಬಂದಿತು. 1907ರಲ್ಲಿ ವಿದ್ಯುತ್ ಟ್ರಾಮು. ಕುದುರೆಗಳಿಗೆ ಬಿಡುಗಡೆಯಾಯಿತು, ಊರಿಗೆ ಆಗಲಿಲ್ಲ. ಆಗಿನ ವಿದ್ಯುತ್ತು ಕಲ್ಲಿದ್ದಲನ್ನು ಸುಟ್ಟೇ ಹುಟ್ಟುತ್ತಿದ್ದಿತು. ನೀರಿನಿಂದ ವಿದ್ಯುತ್ತು ತೆಗೆಯುವುದು ಕನ್ನಡ ನಾಡಿಗೆ ಅಷ್ಟರಲ್ಲಿ ಹೊಸದಾಗಿರಲಿಲ್ಲ; ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗಳಿಗೆ ತಂತಿ ಎಳೆದಿದ್ದರು. ಮುಂಬಯಿಗೆ ಆ ಭಾಗ್ಯ ಬಂದದ್ದು 1915ರಲ್ಲಿ, ಟಾಟಾ ಕಂಪನಿಯ ಖೋಪೋಲಿ ವಿದ್ಯುದಾಗಾರದಿಂದ. ಲೋಣಾವಳೆಯ ಕೆರೆಗಳ ನೀರನ್ನು ಕೊಳವೆಗಳಲ್ಲಿ ಸುಮಾರು 1,700 ಅಡಿ ಕೆಳಕ್ಕೆ ಧುಮುಕಿಸಿ ಚಕ್ರಗಳನ್ನು ತಿರುಗಿಸಿದರು. ಮೊದಲ ಗಿರಾಕಿಗಳು ಹತ್ತಿಯ ಗಿರಣಿಗಳು. ಗಿರಣಿಯ ಚಿಮಣಿಗಳ ಹೊಗೆಯನ್ನು ಕಡಿಮೆ ಮಾಡಿದ್ದು ಘಟ್ಟದ ಮಳೆಯೆಂಬುದು ಗಿರಣಿಯ ನಂಟಿರುವ ನಮ್ಮಂಥವರಿಗೆ ನೆನೆದಷ್ಟೂ ಸೋಜಿಗ.

1925ರ ಫೆಬ್ರವರಿ 3ರಂದು ಬೋರಿಬಂದರಿನಿಂದ ಕುರ್ಲಾಕ್ಕೆ, ಹಾರ್ಬರ್ ದಾರಿಯಲ್ಲಿ, ಭಾರತದ ಮೊದಲ ವಿದ್ಯುತ್ ರೈಲು ಹೊರಟಿತು. 1928ರಲ್ಲಿ ಪಶ್ಚಿಮದ ಕೊಲಾಬಾ-ಬೋರಿವಲಿ ಮಾರ್ಗವೂ ವಿದ್ಯುತ್ತಿಗೆ ತಿರುಗಿತು. ಭಿವಪುರಿ (1922), ಭಿರಾ (1927) ಎಂಬ ಇನ್ನೆರಡು ವಿದ್ಯುದಾಗಾರಗಳೂ ಘಟ್ಟದ ಬುಡದಲ್ಲಿ ಎದ್ದವು. ಹೀಗೆಂದು ಎಲ್ಲವೂ ನೀರಿನಿಂದಲೇ ನಡೆಯಿತೆಂದು ತಿಳಿಯಬಾರದು. ಜಿ.ಐ.ಪಿ. ರೈಲ್ವೆ ಕಂಪನಿಯು ಠಾಕುರ್ಲಿಯ ಬಳಿ ಚೋಳಾ ಎಂಬಲ್ಲಿ ತನ್ನದೇ ವಿದ್ಯುದಾಗಾರವನ್ನು ಕಟ್ಟಿತು. ಅಲ್ಲಿ ಉರಿಯುತ್ತಿದ್ದುದು ಕಲ್ಲಿದ್ದಲು. ದಶಕಗಳ ಕಾಲ ನಡೆದು ಅದು ನಿಂತುಹೋಗಿದೆ. ಉಗಿಯಂತ್ರದ ಹೊಗೆ ಪ್ರಯಾಣಿಕನ ಮುಖದಿಂದ ಸರಿದು ಚೋಳಾದ ಚಿಮಣಿಗೆ ಸೇರಿತು. ನಮ್ಮ ವಾಚಕರ ಪ್ರಶ್ನೆಗೆ ಮೊದಲ ಉತ್ತರ ಇದು.

ಎರಡನೆಯ ಉತ್ತರ ನೀರಿನದು. ಇದನ್ನು ಹೇಳುವವರು ಕಡಿಮೆ. ಭಿರಾಕ್ಕೆ ನೀರು ಕೊಡುವ ಮುಳಶಿ ಅಣೆಕಟ್ಟಿಗಾಗಿ ಪುಣೆಯ ಪಶ್ಚಿಮಕ್ಕಿರುವ ಮಾವಳ ಸೀಮೆಯ ಹಲವಾರು ಹಳ್ಳಿಗಳ ಗದ್ದೆಗಳು ಮುಳುಗಿದವು. 1921ರಲ್ಲಿ ಅಲ್ಲಿನ ರೈತರು ಪಾಂಡುರಂಗ ಮಹಾದೇವ ಬಾಪಟರ ಮುಂದಾಳುತನದಲ್ಲಿ ಸತ್ಯಾಗ್ರಹ ಹೂಡಿದರು. ಬಾಪಟರಿಗೆ 'ಸೇನಾಪತಿ' ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಜನ ಸೆರೆಮನೆ ಕಂಡರು, ಅಣೆಕಟ್ಟು ನಿಲ್ಲಲಿಲ್ಲ. ಹೊಗೆಯಿಲ್ಲದ ವಿದ್ಯುತ್ತಿನ ಬೆಲೆಯನ್ನು ಅದರಲ್ಲಿ ಒಂದು ದೀಪವನ್ನೂ ಹಚ್ಚದವರು ತೆತ್ತರು.

ಇನ್ನು ಆ ನೀರು ಯಾರದು? ಲೋಣಾವಳೆಯ ಇಂದ್ರಾಯಣಿ, ಮುಳಶಿಯ ಮುಳಾ, ಎರಡೂ ಪೂರ್ವಕ್ಕೆ ಹರಿದು ಭೀಮೆಯನ್ನು ಸೇರುವ ನದಿಗಳು. ಭೀಮೆಯೆಂದರೆ ವಿಜಯಪುರ, ಕಲಬುರ್ಗಿ ಸೀಮೆಯ ಹೊಳೆ, ಗಾಣಗಾಪುರದ ಹೊಳೆ. ಘಟ್ಟದ ಪೂರ್ವಕ್ಕೆ ನೆಲ ಮೆಲ್ಲನೆ ಇಳಿಯುತ್ತದೆ. ಪಶ್ಚಿಮಕ್ಕೆ ಗೋಡೆಯಂತೆ ಬೀಳುತ್ತದೆ. ಆದುದರಿಂದಲೇ ಎಂಜಿನಿಯರರು ನೀರನ್ನು ಅದರ ದಾರಿ ತಪ್ಪಿಸಿ ಕೊಂಕಣಕ್ಕೆ ಇಳಿಸಿದರು. ಹೀಗೆ ತಿರುಗಿಸಬಹುದಾದ ನೀರಿಗೆ ಕೃಷ್ಣಾ ಜಲವಿವಾದದಲ್ಲಿ ಬಚಾವತ್ ನ್ಯಾಯಮಂಡಳಿ ಒಂದು ಮಿತಿಯನ್ನು ಹಾಕಿತು. ನೀರು ಪಶ್ಚಿಮಕ್ಕೆ ಹೋಗುವುದು ನಿಂತಿಲ್ಲ. ಬೇಸಿಗೆಯಲ್ಲಿ ಭೀಮೆ ಬತ್ತಲು ಇದೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಅಫಜಲಪುರದ ಕಡೆಯ ನಮ್ಮವರು ದಾದರಿನಲ್ಲಿ ಲೋಕಲ್ ಹತ್ತುವಾಗ, ಊರ ಹೊಳೆಯ ಒಂದು ಪಾಲು ಇಲ್ಲಿ ದುಡಿಯುತ್ತಿದೆಯೆಂದು ತಿಳಿದಿರಲಿ.

ಹಾಗಾದರೆ ಡೀಸೆಲೇ ಇರಲೆನ್ನೋಣವೇ? ಅದೂ ತಪ್ಪು. ಮುಂಬಯಿ 1964ರ ಮಾರ್ಚಿ 31ರಂದು ಟ್ರಾಮನ್ನು ಕೈಬಿಟ್ಟಿತು, 1971ರಲ್ಲಿ ಟ್ರಾಲಿ ಬಸ್ಸನ್ನೂ. ರಸ್ತೆಯೆಲ್ಲ ಎಣ್ಣೆಯ ಬಂಡಿಗಳ ಪಾಲಾಯಿತು. ಎಣ್ಣೆಯ ಎಂಜಿನ್ನು ತನ್ನ ಹೊಗೆಯನ್ನು ನಿಲ್ದಾಣದಲ್ಲಿ ಕಾಯುವವನ ಮೂಗಿನ ಮಟ್ಟದಲ್ಲೇ ಬಿಡುತ್ತದೆ. ದಿಲ್ಲಿಯಲ್ಲಿ ಅದು ಎಷ್ಟು ಮಿತಿಮೀರಿತೆಂದರೆ 1998ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಬಸ್ಸುಗಳೆಲ್ಲ ನೈಸರ್ಗಿಕ ಅನಿಲಕ್ಕೆ ತಿರುಗಬೇಕೆಂದು ಆಜ್ಞಾಪಿಸಬೇಕಾಯಿತು. ಅನಿಲದಿಂದ ಮಸಿ ಬಹಳ ತಗ್ಗಿತು. ಆದರೂ ಅದು ನೆಲದಡಿಯಿಂದ ತೆಗೆದು ಸುಡುವ ವಸ್ತುವೇ.

ವಿದ್ಯುತ್ ಗಾಡಿಗೆ ಇನ್ನೊಂದು ಗುಣವಿದೆ. ಉಗಿಬಂಡಿಯಾಗಲಿ ಡೀಸೆಲ್ ಬಸ್ಸಾಗಲಿ ಬ್ರೇಕು ಹಾಕಿದಾಗ ಓಟದ ಶಕ್ತಿಯೆಲ್ಲ ಗಾಲಿಯ ಬಿಸಿಯಾಗಿ ವ್ಯರ್ಥವಾಗುತ್ತದೆ. ಈಗಿನ ಲೋಕಲ್ಲುಗಳಲ್ಲಿ ಬ್ರೇಕು ಹಾಕಿದೊಡನೆ ಮೋಟಾರು ಡೈನಮೋ ಆಗಿ ವಿದ್ಯುತ್ತನ್ನು ತಂತಿಗೆ ಮರಳಿ ಕೊಡುತ್ತದೆ. ಎರಡು ಮೂರು ನಿಮಿಷಕ್ಕೊಮ್ಮೆ ನಿಲ್ಲುವ ಗಾಡಿಗೆ ಇದು ದೊಡ್ಡ ಉಳಿತಾಯ. ತಂತಿಯಲ್ಲಿನ ಒತ್ತಡವನ್ನೂ 1,500 ವೋಲ್ಟಿನಿಂದ 25,000ಕ್ಕೆ ಏರಿಸಿದರು. ಪಶ್ಚಿಮ ಮಾರ್ಗದಲ್ಲಿ 2012ಕ್ಕೆ, ಮಧ್ಯ ಮಾರ್ಗದಲ್ಲಿ 2015ಕ್ಕೆ, ಹಾರ್ಬರ್ ಮಾರ್ಗದಲ್ಲಿ 2016ಕ್ಕೆ ಕೆಲಸ ಮುಗಿಯಿತು. ಒತ್ತಡ ಹೆಚ್ಚಿದಷ್ಟೂ ಅದೇ ಕೆಲಸಕ್ಕೆ ಕಡಿಮೆ ಪ್ರವಾಹ ಸಾಕು. ಪ್ರವಾಹ ಕಡಿಮೆಯಾದರೆ ತಂತಿ ಕಾಯುವುದೂ, ದಾರಿಯಲ್ಲಿ ಸೋರುವುದೂ ಕಡಿಮೆ. ಹೀಗೆ ಉಳಿದ ಒಂದೊಂದು ಯೂನಿಟ್ಟೂ ಎಲ್ಲೋ ಸುಡದೆ ಉಳಿದ ಕಲ್ಲಿದ್ದಲು.

ಕಲ್ಲಿದ್ದಲಿನ ಮಾತು ಬಿಟ್ಟರೂ ಬಿಡದು. ದೇಶದ ವಿದ್ಯುತ್ತಿನಲ್ಲಿ ಇಂದಿಗೂ ದೊಡ್ಡ ಪಾಲು ಅದರದೇ. ಟ್ರಾಂಬೆಯ ವಿದ್ಯುದಾಗಾರ ಮುಂಬಯಿಯ ಒಳಗೇ ಇದೆ. ಚೆಂಬೂರಿನವರಿಗೆ ಅದರ ಚಿಮಣಿಯ ಪರಿಚಯವನ್ನು ನಾವು ಮಾಡಿಕೊಡಬೇಕಾಗಿಲ್ಲ. ವಿದ್ಯುತ್ ಬಸ್ಸನ್ನು ಕೊಳ್ಳುವವರು ಅದರ ವಿದ್ಯುತ್ತು ಎಲ್ಲಿಂದ ಬರುವುದೆಂಬುದನ್ನೂ ಬಸ್ಸಿನ ಬೆಲೆಯ ಜತೆಗೇ ಪ್ರಕಟಿಸಬೇಕೆಂಬುದು ನಮ್ಮ ಅಭಿಪ್ರಾಯ. ಅದು ಅಸಾಧ್ಯವೇನಲ್ಲ. ದಿಲ್ಲಿಯ ಮೆಟ್ರೋ 2019ರಿಂದ ಮಧ್ಯಪ್ರದೇಶದ ರೀವಾದಲ್ಲಿನ 750 ಮೆಗಾವಾಟಿನ ಸೌರ ವಿದ್ಯುದಾಗಾರದಿಂದ ವಿದ್ಯುತ್ತನ್ನು ಕೊಳ್ಳುತ್ತಿದೆ. ಇಂಥಲ್ಲಿಂದ ಬಂದಿತೆಂದು ಬೆರಳಿಟ್ಟು ತೋರಿಸಬಹುದು.

ಆದರೆ ಆಫೀಸು ಬಿಟ್ಟು ಜನ ಮನೆಗೆ ನುಗ್ಗುವ ವೇಳೆಗೆ ಸೂರ್ಯನೂ ಮನೆಗೆ ಹೋಗಿರುತ್ತಾನೆ. ಆ ಹೊತ್ತಿಗೆ ಬೇಕಾದದ್ದು ಕರೆದೊಡನೆ ಓಡಿಬರುವ ವಿದ್ಯುತ್ತು. ಆ ಗುಣ ನೀರಿಗಿದೆ. ಖೋಪೋಲಿ, ಭಿವಪುರಿ, ಭಿರಾಗಳು ಇಂದಿಗೂ ಈ ಕೆಲಸ ಮಾಡುತ್ತಿವೆ. ಭಿರಾದ 150 ಮೆಗಾವಾಟಿನ ಒಂದು ಘಟಕವಂತೂ ಇಳಿದ ನೀರನ್ನು ಮತ್ತೆ ಮೇಲಕ್ಕೆ ಎತ್ತಿಡುವಂತೆ ರಚಿತವಾದದ್ದು. ಹಗಲು ಮಿಕ್ಕ ಸೌರಶಕ್ತಿಯಿಂದ ನೀರನ್ನು ಏರಿಸಿ, ಸಂಜೆ ಇಳಿಸಿ, ಮರುದಿನ ಅದೇ ನೀರನ್ನು ಏರಿಸಿದರೆ, ಅಷ್ಟು ಕೆಲಸಕ್ಕೆ ಭೀಮೆಯಿಂದ ಹೊಸ ನೀರನ್ನು ಕದಲಿಸಬೇಕಾಗಿಲ್ಲ.