ಪಾತಕಿಯ ಚಿತ್ರ, ಪ್ರೇಕ್ಷಕನ ಮನಸ್ಸು

ಮಹಾಕಾವ್ಯವೆಂದರೆ ಅದರಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂದು ನಮ್ಮ ಹಳೆಯ ಲಾಕ್ಷಣಿಕರು ವಿಧಿಸಿದ್ದರು. ನಗರ, ಸಮುದ್ರ, ಚಂದ್ರೋದಯ, ವನವಿಹಾರ, ಮಧುಪಾನ ಎಂದು ಆ ಪಟ್ಟಿ ಸಾಗುತ್ತದೆ. ಕವಿ ಇವನ್ನು ಬಿಡುವಂತಿಲ್ಲ. ಇವು ಬಂದೇ ಬರುತ್ತವೆಂದು ಓದುಗನಿಗೂ ಗೊತ್ತು. ಗೊತ್ತಿರುವುದರಿಂದಲೇ, ಈ ಕವಿ ಚಂದ್ರೋದಯವನ್ನು ಹೇಗೆ ತರುತ್ತಾನೆ ನೋಡೋಣವೆಂದು ಅವನು ಕಾದಿರುತ್ತಾನೆ. ಅಮೆರಿಕದ ಗ್ಯಾಂಗ್‌ಸ್ಟರ್ ಚಿತ್ರಗಳನ್ನು ಕುರಿತು ಮಾತನಾಡಲು ಹೊರಟವನು ಅಷ್ಟಾದಶ ವರ್ಣನೆಗಳಿಂದ ಆರಂಭಿಸಿದನೆಂದು ತಾವು ನಗಬಾರದು. ಆ ಚಿತ್ರಗಳಿಗೂ ಇಂಥದೇ ಒಂದು ಪಟ್ಟಿಯುಂಟು. ಮಧುಪಾನವಂತೂ ಎರಡರಲ್ಲೂ ಸಮಾನ.

ಈ ಜಾತಿಯ ಚಿತ್ರಗಳ ಮಾದರಿ ಗಟ್ಟಿಯಾದದ್ದು ಮುಖ್ಯವಾಗಿ ಮೂರು ಕೃತಿಗಳಿಂದ. ಮರ್ವಿನ್ ಲೆರಾಯ್ ನಿರ್ದೇಶಿಸಿದ ‘ಲಿಟ್ಲ್ ಸೀಸರ್’, ವಿಲಿಯಂ ವೆಲ್ಮನ್‌ನ ‘ದಿ ಪಬ್ಲಿಕ್ ಎನಿಮಿ’ ಇವೆರಡೂ 1931ರಲ್ಲಿ ಬಂದವು. ಹೋವರ್ಡ್ ಹಾಕ್ಸ್‌ನ ‘ಸ್ಕಾರ್‌ಫೇಸ್’ 1932ರಲ್ಲಿ ಬಂದಿತು. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿರೋಧ ಜಾರಿಯಲ್ಲಿತ್ತು. ಕಾನೂನು ಮದ್ಯವನ್ನು ನಿಷೇಧಿಸಿತ್ತೇ ಹೊರತು ಜನರ ಬಾಯಾರಿಕೆಯನ್ನು ನಿಷೇಧಿಸಿರಲಿಲ್ಲ. ಕಳ್ಳಮದ್ಯ ಮಾರುವವನು ಅಪರಾಧಿಯಾದರೆ, ಕೊಂಡು ಕುಡಿಯುವ ಗೃಹಸ್ಥನೂ ಅವನ ಪಾಲುದಾರನೇ. ಸಾಲದುದಕ್ಕೆ 1929ರ ಆರ್ಥಿಕ ಕುಸಿತ ಬೇರೆ. ಪ್ರಾಮಾಣಿಕವಾಗಿ ದುಡಿದು ಮೇಲಕ್ಕೆ ಬರಬಹುದೆಂಬ ನಂಬಿಕೆಯೇ ಅಲುಗಾಡುತ್ತಿದ್ದ ಕಾಲದಲ್ಲಿ, ಕೆಲಸ ಕಳೆದುಕೊಂಡವನು ಕತ್ತಲೆಯ ಚಿತ್ರಮಂದಿರದಲ್ಲಿ ಕುಳಿತು, ಯಾರ ಅಪ್ಪಣೆಯನ್ನೂ ಕೇಳದೆ ಮೇಲಕ್ಕೇರುವ ಒಬ್ಬನನ್ನು ನೋಡಿದನು. ಚಿತ್ರಕ್ಕೆ ಆಗತಾನೆ ಮಾತು ಬಂದಿತ್ತು. ಗುಂಡಿನ ಸದ್ದು, ಮೋಟಾರು ಚಕ್ರಗಳ ಕಿರುಚು ಕಿವಿಗೆ ಹೊಸವು.

ಕಥೆಯ ಚೌಕಟ್ಟು ಸರಳವಾದುದು. ಬಡ ಕೇರಿಯ ಹುಡುಗ, ಅನೇಕ ವೇಳೆ ಹೊರನಾಡಿನಿಂದ ಬಂದು ನೆಲಸಿದವರ ಮಗ, ಜೊತೆಗೊಬ್ಬ ಗೆಳೆಯ, ಮೇಲೊಬ್ಬ ನಾಯಕ. ನಾಯಕನ ಸ್ಥಾನ ಇವನದಾಗುತ್ತದೆ. ಗೆಳೆಯನೋ ಪ್ರೀತಿಪಾತ್ರರೋ ದೂರವಾಗುತ್ತಾರೆ. ಕೊನೆಗೆ ಬೀದಿಯಲ್ಲಿ ಮರಣ. ಇಷ್ಟನ್ನು ಯಾರೂ ಹೇಳಬಲ್ಲರು. ರಸವಿರುವುದು ಸಣ್ಣ ಸಂಗತಿಗಳಲ್ಲಿ. ‘ಲಿಟ್ಲ್ ಸೀಸರ್’ನಲ್ಲಿ ರಿಕೊ ಎಂಬ ಪುಡಿಗಳ್ಳ ಒಂದು ಸಣ್ಣ ಹೋಟೆಲಿನಲ್ಲಿ ಕುಳಿತು, ಮಹಾನಗರದ ದೊಡ್ಡ ಪಾತಕಿಯೊಬ್ಬನ ಸುದ್ದಿಯನ್ನು ವರ್ತಮಾನ ಪತ್ರಿಕೆಯಲ್ಲಿ ನೋಡಿ ಕರುಬುತ್ತಾನೆ. ಅವನಿಗೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಆ ಅಚ್ಚಾದ ಹೆಸರು. ಎಲ್ಲವನ್ನೂ ಗಳಿಸಿ, ಎಲ್ಲವನ್ನೂ ಕಳೆದುಕೊಂಡು, ಗತಿಗೆಟ್ಟವರು ಮಲಗುವ ಅಗ್ಗದ ವಸತಿಯೊಂದರಲ್ಲಿ ಅವನು ಬಿದ್ದಿರುವಾಗ ಯಾರೋ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಾರೆ: ರಿಕೊ ಹೇಡಿ ಎಂದು ಅದರಲ್ಲಿ ಬರೆದಿದೆ. ಅಡಗಿರುವವನು ಸುಮ್ಮನಿರಬೇಕಷ್ಟೆ? ಅವನಿಗೆ ತಡೆಯಲಾಗುವುದಿಲ್ಲ. ಪೊಲೀಸರಿಗೆ ತಾನೇ ಟೆಲಿಫೋನು ಮಾಡಿ ಬೈಯುತ್ತಾನೆ. ಆ ಕರೆಯ ಜಾಡು ಹಿಡಿದೇ ಅವರು ಬರುತ್ತಾರೆ. ಪತ್ರಿಕೆಯಿಂದ ಎದ್ದ ಆಸೆ ಪತ್ರಿಕೆಯಿಂದಲೇ ಅವನನ್ನು ಕೊಂದಿತು.

ಉಡುಪಿನ ವಿಷಯವೂ ಹೀಗೆಯೇ. ಮೂರು ಚಿತ್ರಗಳಲ್ಲಿಯೂ ಹೊಸ ಬಟ್ಟೆಯ ದೃಶ್ಯವೊಂದಿದೆ. ದರ್ಜಿ ಅಳತೆ ತೆಗೆಯುತ್ತಾನೆ. ಪಾತಕಿ ಕನ್ನಡಿಯ ಮುಂದೆ ನಿಲ್ಲುತ್ತಾನೆ. ‘ಸ್ಕಾರ್‌ಫೇಸ್’ನ ಟೋನಿಯಂತೂ ಒಂದೊಂದು ಅಂಗಿಯನ್ನು ಒಂದೇ ದಿನ ತೊಡುವೆನೆಂದು ಹೆಣ್ಣಿನೆದುರು ಕೊಚ್ಚಿಕೊಳ್ಳುತ್ತಾನೆ. ನಮಗೆ ನಗು ಬರುತ್ತದೆ. ಆದರೆ ಹಬ್ಬಕ್ಕೊಂದು ಅಂಗಿ ಹೊಲಿಸಿಕೊಂಡು ಬೆಳೆದವರ ನಗುವಿನಲ್ಲಿ ಸ್ವಲ್ಪ ಆಸೆಯೂ ಬೆರೆತಿರುತ್ತದೆಯೆಂದು ನಾನು ಸ್ವಾನುಭವದಿಂದ ಹೇಳಬಲ್ಲೆ.

ಅಂತ್ಯ ಗೊತ್ತಿದ್ದರೂ ಜನ ಏಕೆ ನೋಡುತ್ತಾರೆ? ರಾಬರ್ಟ್ ವಾರ್ಶೋ ಎಂಬ ವಿಮರ್ಶಕ 1948ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಗ್ಯಾಂಗ್‌ಸ್ಟರನ್ನು ದುರಂತ ನಾಯಕನೆಂದೇ ಕರೆದನು. ಗೆಲ್ಲಲೇಬೇಕೆಂದು ಒತ್ತಾಯಿಸುವ ಸಮಾಜದಲ್ಲಿ ಗೆದ್ದವನು ಒಂಟಿಯಾಗುತ್ತಾನೆ, ಒಂಟಿಯಾದವನು ಹೊಡೆತಕ್ಕೆ ಸಿಕ್ಕುತ್ತಾನೆ; ಗೆಲ್ಲಲಾರದ ನಮ್ಮ ಅಳುಕು ಅವನ ಸಾವಿನಲ್ಲಿ ಕ್ಷಣಕಾಲ ಶಮನವಾಗುತ್ತದೆ ಎಂಬುದು ಅವನ ವಾದದ ತಿರುಳು. ಇದು ಬಹುಮಟ್ಟಿಗೆ ನಿಜ. ಆದರೆ ರನ್ನನ ‘ಗದಾಯುದ್ಧ’ವನ್ನು ಪಾಠ ಹೇಳಿದವನಿಗೆ ಇನ್ನೊಂದು ಮಾತು ತೋರುತ್ತದೆ. ಅಲ್ಲಿ ಕಥಾನಾಯಕ ಭೀಮ. ಆದರೂ, ತಮ್ಮಂದಿರನ್ನೂ ಕರ್ಣನನ್ನೂ ಕಳೆದುಕೊಂಡು ಒಬ್ಬನೇ ರಣರಂಗದಲ್ಲಿ ನಡೆದುಹೋಗುವ ದುರ್ಯೋಧನನ ಹಿಂದೆಯೇ ನಮ್ಮ ಮನಸ್ಸು ಹೋಗುತ್ತದೆ. ಅವನನ್ನು ನಾವು ಒಪ್ಪುವುದಿಲ್ಲ, ಒಪ್ಪದೆಯೇ ಮರುಗುತ್ತೇವೆ. ಒಪ್ಪಿಗೆ ಬೇರೆ, ಮರುಕ ಬೇರೆ.

ಈ ಭೇದವನ್ನು ನಿಯಂತ್ರಕರು ಗಮನಿಸಲಿಲ್ಲ. ಪ್ರೇಕ್ಷಕ ಮರುಗಿದರೆ ಕೆಟ್ಟುಹೋಗುತ್ತಾನೆಂದು ಅವರಿಗೆ ಭಯ. ‘ಸ್ಕಾರ್‌ಫೇಸ್’ಗೆ ‘ರಾಷ್ಟ್ರದ ಲಜ್ಜೆ’ ಎಂಬರ್ಥದ ಉಪಶೀರ್ಷಿಕೆ ಸೇರಿತು. ನಡುವೆ ಉಪದೇಶದ ದೃಶ್ಯವೊಂದನ್ನು ತುರುಕಲಾಯಿತು. ಟೋನಿಗೆ ನ್ಯಾಯಾಲಯ ಗಲ್ಲುಶಿಕ್ಷೆ ವಿಧಿಸುವ ಇನ್ನೊಂದು ಅಂತ್ಯವನ್ನೂ ತೆಗೆದರು. ಆ ಅಂತ್ಯದಲ್ಲಿ ನಟ ಪಾಲ್ ಮುನಿ ಇಲ್ಲವೇ ಇಲ್ಲ. ಮುಖವಿಲ್ಲದವನೊಬ್ಬನಿಗೆ ನ್ಯಾಯಾಧೀಶರು ನೀತಿ ಬೋಧಿಸುತ್ತಾರೆ. 1934ರಿಂದ ಕಟ್ಟಳೆಗಳು ಬಿಗಿಯಾದ ಮೇಲೆ, 1935ರ ‘ಜಿ ಮೆನ್’ ಚಿತ್ರದಲ್ಲಿ ‘ಪಬ್ಲಿಕ್ ಎನಿಮಿ’ಯ ಪಾತಕಿ ಜೇಮ್ಸ್ ಕ್ಯಾಗ್ನಿಯೇ ಸರಕಾರದ ಪತ್ತೇದಾರನಾಗಿ ಬಂದನು. ಅದೇ ನಡಿಗೆ, ಅದೇ ಬಂದೂಕು. ಸಂಬಳ ಕೊಡುವವರು ಮಾತ್ರ ಬೇರೆ.

ಇಲ್ಲಿ ನನ್ನದೊಂದು ಅನುಭವವನ್ನು ಹೇಳಬೇಕು. ಹಲವು ವರ್ಷಗಳ ಹಿಂದೆ ನಾನಿದ್ದ ಕಾಲೇಜಿನ ಚಿತ್ರಸಮಾಜದಲ್ಲಿ ‘ದಿ ಪಬ್ಲಿಕ್ ಎನಿಮಿ’ಯನ್ನು ತೋರಿಸಿದೆವು. ಅದರಲ್ಲಿ ಪಾತಕಿ ಟಾಮ್‌ಗೆ ಮೈಕ್ ಎಂಬ ಅಣ್ಣನಿದ್ದಾನೆ. ಹಗಲು ಟ್ರ್ಯಾಮಿನಲ್ಲಿ ಕಂಡಕ್ಟರಿಕೆ, ರಾತ್ರಿ ಶಾಲೆ. ಆಮೇಲೆ ಯುದ್ಧಕ್ಕೆ ಹೋಗಿ ಜರ್ಝರಿತನಾಗಿ ಹಿಂದಿರುಗುತ್ತಾನೆ. ಚಿತ್ರ ಮುಗಿದ ಮೇಲೆ ನಾನು ಅಣ್ಣನ ಮಾರ್ಗವನ್ನು ಹೊಗಳಿ ಎರಡು ಮಾತಾಡಿದೆ. ಸಂಜೆಯ ಹೊತ್ತು ಹೋಟೆಲಿನಲ್ಲಿ ದುಡಿದು ಓದುತ್ತಿದ್ದ ಹುಡುಗನೊಬ್ಬ ಎದ್ದುನಿಂತು, “ಅಣ್ಣ ಸರಿಯಾಗೇ ಬದುಕಿದನಲ್ಲ ಸಾರ್, ಅವನಿಗೆ ಏನು ಸಿಕ್ಕಿತು?” ಎಂದು ಕೇಳಿದ. ಆತ್ಮತೃಪ್ತಿ ಎಂದೇನೋ ಹೇಳಿದೆ. ಅವನು ವಿನಯದಿಂದಲೇ ಕುಳಿತುಕೊಂಡ. ಅವನ ಮುಖ ನೋಡಿದರೆ ನನ್ನ ಉತ್ತರವನ್ನು ಒಪ್ಪಿದಂತೆ ಕಾಣಲಿಲ್ಲ. ನಿಯಂತ್ರಕರು ‘ಸ್ಕಾರ್‌ಫೇಸ್’ಗೆ ಅಂಟಿಸಿದ ಅಂತ್ಯದಂಥದೇ ಒಂದನ್ನು ನಾನೂ ಅಂದು ಅಂಟಿಸಿದ್ದೆ.

1975ರ ‘ದೀವಾರ್’ ಹಿಂದಿ ಚಿತ್ರದಲ್ಲಿಯೂ ಸೋದರರಿಬ್ಬರು, ನಡುವೆ ತಾಯಿ. ಅಲ್ಲಿ ಅಪರಾಧಿಯಾದ ಮಗ ದೇವಸ್ಥಾನದಲ್ಲಿ ತಾಯಿಯ ಮಡಿಲಲ್ಲಿ ಪ್ರಾಣ ಬಿಡುತ್ತಾನೆ. ನಮ್ಮವರು ಅಷ್ಟು ಸಮಾಧಾನವನ್ನಾದರೂ ಕೊಡುತ್ತಾರೆ. ವೆಲ್ಮನ್ ಅದನ್ನೂ ಕೊಡಲಿಲ್ಲ. ಗಾಯಗೊಂಡ ಟಾಮ್ ಮನೆಗೆ ಬರುತ್ತಾನೆಂದು ಸುದ್ದಿ ಬರುತ್ತದೆ. ತಾಯಿ ಸಂಭ್ರಮದಿಂದ ಮಹಡಿಯ ಕೋಣೆಯಲ್ಲಿ ಹಾಸಿಗೆ ಸಿದ್ಧಮಾಡುತ್ತಿದ್ದಾಳೆ. ಕೆಳಗೆ ಗ್ರಾಮಫೋನು ಹಾಡುತ್ತಿದೆ. ಬಾಗಿಲು ತಟ್ಟಿದ ಸದ್ದಾಗಿ ಮೈಕ್ ತೆರೆದರೆ, ವೈರಿಗಳು ಕಟ್ಟಿ ನಿಲ್ಲಿಸಿಹೋದ ತಮ್ಮನ ಹೆಣ ಮುಖವಡಿಯಾಗಿ ಒಳಕ್ಕೆ ಬೀಳುತ್ತದೆ. ಸಮಾಜಕ್ಕೆ ಎಚ್ಚರಿಕೆ ಹೇಳುವ ಬರಹವೊಂದು ಅನಂತರ ತೆರೆಯ ಮೇಲೆ ಮೂಡುವುದೇನೋ ಉಂಟು. ಅದರ ಮಾತುಗಳನ್ನು ನೆನಪಿಟ್ಟುಕೊಂಡವರನ್ನು ನಾನು ಕಂಡಿಲ್ಲ. ನೆನಪಿರುವುದು, ಮಹಡಿಯ ಮೇಲೆ ಇನ್ನೂ ಏನೂ ತಿಳಿಯದ ತಾಯಿ, ಮತ್ತು ಹಾಡು ಮುಗಿದ ಮೇಲೂ ತಟ್ಟೆಯ ಮೇಲೆ ಸುತ್ತುತ್ತಲೇ ಇರುವ ಆ ಮುಳ್ಳು.