ಹಳೆಯ ಮಾಡೆಲ್ಲೋ, ಹೊಸ ಮಾಡೆಲ್ಲೋ?

ಮನೆಗೆ ಬೇರೆ ಕಾರು ಬೇಕು ಎಂಬ ಮಾತು ನಮ್ಮಲ್ಲಿ ಎದ್ದದ್ದು 2021ರ ಆರಂಭದಲ್ಲಿ. ಹದಿನೈದು ವರ್ಷ ದುಡಿದ ಚಿಕ್ಕ ಕಾರಿಗೆ ವಯಸ್ಸಾಗಿತ್ತು. ಪತ್ತಿಕೊಂಡದಿಂದ ಆದೋನಿ, ಬಳ್ಳಾರಿಗೆ ಆಗಾಗ ಹೋಗಬೇಕು. ಮಗ ಬೆಂಗಳೂರಿನಲ್ಲಿರುವುದರಿಂದ ಗುತ್ತಿ, ಅನಂತಪುರದ ಮೇಲೆ ಆ ದೂರದ ಪ್ರಯಾಣವೂ ಉಂಟು. "ಅಪ್ಪಾ, ತಗೊಳ್ಳೋದಾದ್ರೆ ಈ ಸಲ ದೊಡ್ಡ ಕಾರೇ ತಗೊಳ್ಳೋಣ" ಎಂದ ಮಗ. ನಮಗೂ ಆಸೆ ಇಲ್ಲದಿರಲಿಲ್ಲ. ಹೋಂಡಾ ಸಿಟಿ ಎಂದು ತೀರ್ಮಾನವಾಯಿತು. ಕಷ್ಟ ಶುರುವಾದದ್ದೇ ಆಮೇಲೆ.

ಹೆಸರು ಒಂದೇ, ಕಾರು ಎರಡು

ನಮ್ಮ ದೇಶದಲ್ಲಿ 1998ರಿಂದ ಮಾರಾಟವಾಗುತ್ತಿರುವ ಈ ಕಾರಿನ ನಾಲ್ಕನೆಯ ತಲೆಮಾರು ಬಂದದ್ದು 2014ರ ಜನವರಿಯಲ್ಲಿ; ಐದನೆಯದು 2020ರ ಜುಲೈ 15ರಂದು. ಸಾಮಾನ್ಯವಾಗಿ ಹೊಸದು ಬಂದರೆ ಹಳೆಯದು ನಿಂತುಹೋಗುತ್ತದೆ. ಇಲ್ಲಿ ಹಾಗಾಗಲಿಲ್ಲ. ಕಂಪನಿ ಹಳೆಯದನ್ನೂ ಕಡಿಮೆ ಬೆಲೆಗೆ ಜೊತೆಯಲ್ಲೇ ಮಾರುತ್ತಿತ್ತು.

ಎರಡರಲ್ಲೂ 1.5 ಲೀಟರ್ ಪೆಟ್ರೋಲ್ ಎಂಜಿನ್. ಶಕ್ತಿಯಲ್ಲಿ ಹೆಚ್ಚಿನ ಅಂತರವಿಲ್ಲ. ಹೊಸದು ನಾಲ್ಕು ಅಂಗುಲಕ್ಕೂ ಹೆಚ್ಚು ಉದ್ದ, ಎರಡು ಅಂಗುಲ ಅಗಲ. ಆದರೆ ಹಿಂದಿನ ಮತ್ತು ಮುಂದಿನ ಚಕ್ರಗಳ ನಡುವಿನ ಅಂತರ ಎರಡರಲ್ಲೂ ಒಂದೇ, 2600 ಮಿ.ಮೀ. ಬಿಡುಗಡೆಯ ದಿನ ಹೊಸ ಪೆಟ್ರೋಲ್ ಮ್ಯಾನ್ಯುಯಲ್ ಕಾರಿನ ಶೋರೂಂ ಬೆಲೆ ಕೆಳಗಿನ ಮಾದರಿಗೆ ₹10.90 ಲಕ್ಷ, ಮೇಲಿನದಕ್ಕೆ ₹13.15 ಲಕ್ಷ.

ಮಗನಿಗೆ ಹೊಸದರ ಮೇಲಿನ ಮಾದರಿಯೇ ಬೇಕು. ನಮಗೆ ಹಳೆಯದರ ಮೇಲೆ ಕಣ್ಣು. "ಬೆಲೆ ಕಡಿಮೆ, ನೋಡಿದವರಿಗೆ ಅದೂ ಸಿಟಿ, ಇದೂ ಸಿಟಿ" ಎಂದೆವು. ಈ ಮಾತಿನಲ್ಲಿ ಉಳಿತಾಯದ ಜೊತೆಗೆ ಸ್ವಲ್ಪ ಒಣಜಂಭವೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇವೆ.

ಅವ್ವನ ಎರಡು ಪ್ರಶ್ನೆ

ಒಂದು ರಾತ್ರಿ ಊಟದ ನಂತರ ಕಾಗದ, ಪೆನ್ನು ಹಿಡಿದು ಕುಳಿತಿದ್ದೆವು. ಜಪಸರ ಮುಗಿಸಿ ಬಂದ ಅವ್ವನಿಗೆ ಮೊಮ್ಮಗ ಮೊಬೈಲಿನಲ್ಲಿ ಕಾರು ತೋರಿಸಿದ. "ನೋಡಜ್ಜಿ, ಇದರ ಮೇಲ್ಛಾವಣಿ ತೆರೆಯುತ್ತೆ." ಅವ್ವ ನಕ್ಕಳು. "ನಮ್ಮೂರ ಬಿಸಿಲು ಸಾಲದು ಅಂತ ಮೇಲಿಂದ ಬೇರೆ ಬಿಡ್ಕೋತೀಯೇನೋ?"

ಆಮೇಲೆ ಕೇಳಿದಳು: "ಅಪಘಾತ ಆದ್ರೆ ಯಾವುದು ನಮ್ಮನ್ನ ಉಳಿಸುತ್ತೆ?" ನಮ್ಮ ಕಾಗದದಲ್ಲಿ ಆ ಸಾಲೇ ಇರಲಿಲ್ಲ. ಹುಡುಕಿ ನೋಡಿದೆವು. ಹಳೆಯದರ ಕೆಳಗಿನ ಮಾದರಿಯಲ್ಲಿ 2 ಏರ್‌ಬ್ಯಾಗ್. ಹೊಸದರ ಮೊದಲ ಮಾದರಿಯಲ್ಲೇ 4, ಮೇಲಿನವುಗಳಲ್ಲಿ 6. ತಿರುವಿನಲ್ಲಿ ಕಾರು ಹಿಡಿತ ತಪ್ಪದಂತೆ ತಡೆಯುವ ವ್ಯವಸ್ಥೆ ಹೊಸದರ ಎಲ್ಲ ಮಾದರಿಗಳಲ್ಲೂ ಇತ್ತು.

ಎರಡನೆಯ ಪ್ರಶ್ನೆ ಇನ್ನೂ ಚುಚ್ಚಿತು. "ಆ ಹುಡುಗಿ ಫೀಸಿನ ದುಡ್ಡು ಇದರಾಗ ಎಲ್ಲಿ ಬರೆದೀರಿ?" ನಮ್ಮ ಹೊಲದಲ್ಲಿ ದುಡಿಯುವ ಕುಟುಂಬದ ಮಗಳ ನರ್ಸಿಂಗ್ ಓದಿಗೆ ನೆರವಾಗುತ್ತೇವೆಂದು ಕ್ರಿಸ್ಮಸ್ ದಿನ ಮಾತು ಕೊಟ್ಟಿದ್ದೆವು. ಕಾರಿನ ಲೆಕ್ಕ ಬೆಳೆದಂತೆ "ಮುಂದಿನ ವರ್ಷ ನೋಡೋಣ" ಎಂದು ಅದನ್ನು ಬದಿಗೆ ಸರಿಸಿದ್ದೆವು. ಅವ್ವನ ಮುಂದೆ ಇಬ್ಬರೂ ತಲೆ ತಗ್ಗಿಸಿದೆವು.

ಧರ್ಮಸಭೆಯ ನೆನಪು

1964ರ ಡಿಸೆಂಬರಿನಲ್ಲಿ ಜಗದ್ಗುರು ಆರನೆಯ ಪೌಲರು ಪರಮಪ್ರಸಾದ ಸಮ್ಮೇಳನಕ್ಕಾಗಿ ಮುಂಬಯಿಗೆ ಬಂದಿದ್ದರು. ಅಲ್ಲಿ ಅವರು ಬಳಸಿದ ಬಿಳಿಯ ಲಿಂಕನ್ ಕಾರನ್ನು ಹೋಗುವಾಗ ಮದರ್ ತೆರೇಸಾರಿಗೆ ಕೊಟ್ಟರು. ಆ ತಾಯಿ ಅದನ್ನು ಲಾಟರಿಯಲ್ಲಿಟ್ಟು, ಬಂದ ಹಣವನ್ನು ಕುಷ್ಠರೋಗಿಗಳ ಶಾಂತಿನಗರಕ್ಕೆ ಬಳಸಿದರು.

2013ರ ಜುಲೈಯಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಗುರುವಿದ್ಯಾರ್ಥಿಗಳೊಡನೆ ಮಾತನಾಡುತ್ತಾ, ಗುರುಗಳೂ ಧರ್ಮಭಗಿನಿಯರೂ ಹೊಚ್ಚಹೊಸ ಮಾದರಿಯ ಕಾರಿನಲ್ಲಿ ಓಡಾಡುವುದು ತಮಗೆ ನೋವು ತರುತ್ತದೆ ಎಂದಿದ್ದರು. ಕೆಲಸಕ್ಕೆ ಕಾರು ಬೇಕು, ಆದರೆ ಸರಳವಾದದ್ದನ್ನು ಆರಿಸಿ, ಹಸಿದ ಮಕ್ಕಳನ್ನು ನೆನೆಯಿರಿ ಎಂಬುದು ಅವರ ಮಾತಿನ ಸಾರ. ಕಾರೇ ಬೇಡವೆಂದು ಅವರು ಹೇಳಲಿಲ್ಲ. ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚು ಎಣಿಸಬೇಕೆಂದು ಲೂಕನ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳುತ್ತಾರಲ್ಲ, ನಮಗೆ ಬೇಕಾಗಿದ್ದದ್ದು ಆ ಎಣಿಕೆ.

ನಾವು ಮಾಡಿದ್ದು

ಕಾಗದದ ಮೇಲೆ ಹೊಸದಾಗಿ ಎರಡು ಪಟ್ಟಿ ಬರೆದೆವು: ಜೀವ ಕಾಯುವುದು, ಕಣ್ಣು ತಣಿಸುವುದು. ಮೊದಲನೆಯದಕ್ಕಾಗಿ ಹೊಸ ಮಾಡೆಲ್ ಒಪ್ಪಿಕೊಂಡೆವು. ಎರಡನೆಯದನ್ನು ಬಿಟ್ಟು ಕೆಳಗಿನ ಮಾದರಿ ಆರಿಸಿದೆವು. 6 ಏರ್‌ಬ್ಯಾಗ್ ಇದ್ದಿದ್ದರೆ ಒಳ್ಳೆಯದೇ ಆಗಿತ್ತು, ಅಷ್ಟು ನಮ್ಮ ಕೈಗೆ ನಿಲುಕಲಿಲ್ಲ. ಅದಕ್ಕೇ ರಾತ್ರಿ ಪ್ರಯಾಣ ಮಾಡಬಾರದೆಂದೂ, ಹಿಂದೆ ಕೂತವರೂ ಬೆಲ್ಟ್ ಹಾಕಬೇಕೆಂದೂ ಮನೆಯಲ್ಲಿ ನಿಯಮವಾಯಿತು. ಮಗ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ, ಹುಡುಗಿಯ ಮೊದಲ ವರ್ಷದ ಶುಲ್ಕವನ್ನು ತಾನೇ ಹೋಗಿ ಕಟ್ಟಿಬಂದ.

ಹಳೆಯ ಮಾಡೆಲ್ ಕೊಳ್ಳುವುದೇ ತಪ್ಪೆಂದು ಇದರ ಅರ್ಥವಲ್ಲ. ಬೇಕಾದ ಸುರಕ್ಷತೆ ಅದರಲ್ಲೇ ಇದ್ದರೆ ಉಳಿದ ಹಣ ಲಾಭವೇ. ಆದರೆ ರಿಯಾಯಿತಿ ಕಂಡೊಡನೆ ಸಹಿ ಹಾಕಬೇಡಿ. ಕಾರು ತಯಾರಾದ ತಿಂಗಳು ಕೇಳಿ. ಮುಂದೆ ಮಾರುವಾಗ ಬೆಲೆ ನಿಲ್ಲುವುದು ಅದರ ಮೇಲೆ. ಟೈರಿನ ಬದಿಯ ನಾಲ್ಕು ಅಂಕಿ ನೋಡಿ: 3520 ಎಂದಿದ್ದರೆ 2020ರ 35ನೆಯ ವಾರದಲ್ಲಿ ಆದದ್ದು. ಬಹಳ ದಿನ ನಿಂತ ಕಾರಾದರೆ ಬ್ಯಾಟರಿ ಪರೀಕ್ಷಿಸಿಕೊಳ್ಳಿ.

ಇನ್ನೊಂದು ಮಾತು. 2023ರ ಮಾರ್ಚಿನಲ್ಲಿ ಅದೇ ಸಿಟಿ ಹೊಸ ಮುಖದೊಂದಿಗೆ ಬಂತು. ಎದುರಿನ ಅಪಾಯ ಕಂಡು ತಾನೇ ಬ್ರೇಕ್ ಹಾಕುವ ಸೌಲಭ್ಯವೂ ಅದಕ್ಕೆ ಸೇರಿತು. ಎರಡೇ ವರ್ಷದಲ್ಲಿ ನಮ್ಮ 'ಹೊಸ ಮಾಡೆಲ್' ಹಳೆಯದಾಯಿತು! ಮಗ ಆ ಸುದ್ದಿ ಓದಿ ಹೇಳಿದಾಗ ಅವ್ವ ಕೇಳಿದ್ದು ಇಷ್ಟೇ: "ಆ ಹುಡುಗಿ ಈಗ ಎಷ್ಟನೇ ವರ್ಷದಾಗ ಅದಾಳೆ?"

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲೂ ಕಾರಿನ ಮಾತು ಎದ್ದರೆ ಮಕ್ಕಳನ್ನೂ ಹಿರಿಯರನ್ನೂ ಕೂರಿಸಿಕೊಂಡು ಲೆಕ್ಕ ಹಾಕಿ. ಕೊಟ್ಟ ಮಾತುಗಳಿಗೂ ಆ ಲೆಕ್ಕದಲ್ಲಿ ಒಂದು ಸಾಲು ಇರಲಿ.